ಮಗುವಿನ ಬಟ್ಟೆಯ ಹಣ್ಣಿನ ಕಲೆ: ಲಕ್ಷಣ ನೋಡಿ ಗುರುತಿಸುವುದು, ತೆಗೆಯುವುದು

ಮಗು ಹಣ್ಣು ತಿನ್ನಲು ಶುರು ಮಾಡಿದ ಮೇಲೆ ಬಟ್ಟೆಯ ಮೇಲೆ ಕಲೆ ಬೀಳದ ದಿನ ಇರುವುದಿಲ್ಲ. ಕೆಲವು ಕಲೆ ತಣ್ಣೀರಿಗೇ ಹೋಗುತ್ತವೆ. ಕೆಲವು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇನ್ನು ಕೆಲವು, ಒಗೆದು ಮಡಚಿಟ್ಟ ಬಟ್ಟೆಯ ಮೇಲೆ ಎಲ್ಲಿಂದಲೋ ಎದ್ದು ಬರುತ್ತವೆ.

ಸಾಮಾನ್ಯವಾಗಿ ನಾವು ಕಲೆಯ ಬಣ್ಣ ನೋಡಿ ಮದ್ದು ಹುಡುಕುತ್ತೇವೆ. ಅದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿದೆ. ಈ ಕಲೆ ಮೊದಲು ಯಾವಾಗ ಕಣ್ಣಿಗೆ ಬಿತ್ತು? ಹಣ್ಣು ಬಿದ್ದ ಕೂಡಲೇನಾ, ಒಣಗಿದ ಮೇಲಾ, ಒಗೆದ ಮೇಲಾ, ಇಸ್ತ್ರಿ ಪೆಟ್ಟಿಗೆ ತಾಗಿಸಿದ ಮೇಲಾ? ಕಂದು ಬಣ್ಣದ ಕಲೆ ಬಾಳೆಹಣ್ಣಿನದೂ ಇರಬಹುದು, ಸೇಬಿನ ರಸದ್ದೂ ಇರಬಹುದು, ಕಬ್ಬಿಣದ ಟಾನಿಕ್‌ದೂ ಇರಬಹುದು. ಎಲ್ಲಕ್ಕೂ ಮದ್ದು ಒಂದೇ ಅಲ್ಲ. ಅದಕ್ಕೇ ಈ ಕೈಪಿಡಿಯ ಭಾಗಗಳನ್ನು ಕಲೆ ಕಾಣಿಸಿಕೊಂಡ ಹೊತ್ತು ನೋಡಿ ಮಾಡಿದ್ದೇನೆ.

ಯಾವ ಕಲೆಯಾದರೂ ಮೊದಲು ಇಷ್ಟು ಮಾಡಿ

ಇದಕ್ಕೆ ಖರ್ಚಿಲ್ಲ. ಅರ್ಧಕ್ಕರ್ಧ ಕಲೆಗಳು ಇಲ್ಲಿಗೇ ಮುಗಿಯುತ್ತವೆ.

ಬಟ್ಟೆಯ ಮೇಲಿರುವ ಹಣ್ಣಿನ ತುಣುಕನ್ನು ಚಮಚದ ಅಂಚಿನಿಂದ ಎತ್ತಿ ತೆಗೆಯಿರಿ. ಒರೆಸಬೇಡಿ, ಒರೆಸಿದರೆ ಹಣ್ಣು ನೂಲಿನೊಳಗೆ ಇಳಿಯುತ್ತದೆ. ಆಮೇಲೆ ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಗೆ ತಣ್ಣೀರು ಬಿಡಿ. ನೀರು ಹಿಂದಿನಿಂದ ಬಂದರೆ ಹಣ್ಣು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕೆಳಗೆ ಬೀಳುವ ನೀರು ತಿಳಿಯಾಗುವವರೆಗೂ ಬಿಡಿ.

ತಣ್ಣೀರೇ ಯಾಕೆ ಅಂದರೆ, ಮಗುವಿನ ಬಟ್ಟೆಯ ಮೇಲೆ ಬರೀ ಹಣ್ಣು ಇರುವುದು ಅಪರೂಪ. ಅದರ ಜೊತೆ ಹಾಲು, ಮೊಸರು, ಜೊಲ್ಲು, ಕಕ್ಕಿದ್ದು ಎಲ್ಲ ಸೇರಿರುತ್ತದೆ. ಹಾಲಿನ ಪ್ರೋಟೀನ್ ಬಿಸಿನೀರಿಗೆ ಗಟ್ಟಿಯಾಗಿ ನೂಲಿಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಅದರಡಿ ಸಿಕ್ಕಿಕೊಂಡ ಹಣ್ಣಿನ ಬಣ್ಣವೂ ಅಲ್ಲೇ ಉಳಿಯುತ್ತದೆ.

ಇಡೀ ಕೈಪಿಡಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಲೆ ಪೂರ್ತಿ ಹೋಗುವವರೆಗೆ ಆ ಬಟ್ಟೆಗೆ ಡ್ರೈಯರ್ ಬೇಡ, ಇಸ್ತ್ರಿ ಬೇಡ. ಹೋಗಿದೆಯೋ ಇಲ್ಲವೋ ಅಂತ ದೀಪದ ಬೆಳಕಿನಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ, ಒಮ್ಮೆ ಒದ್ದೆಯಾಗಿದ್ದಾಗ ಮತ್ತೊಮ್ಮೆ ಗಾಳಿಗೆ ಆರಿದ ಮೇಲೆ ನೋಡಿ.

ಏನನ್ನಾದರೂ ಹಚ್ಚುವ ಮೊದಲು ಒಳಗಿನ ಲೇಬಲ್ ನೋಡಿ. ಬರೀ ತ್ರಿಕೋನ ಇದ್ದರೆ ಯಾವ ಬ್ಲೀಚ್ ಆದರೂ ಆಗುತ್ತದೆ. ತ್ರಿಕೋನದೊಳಗೆ ಎರಡು ಓರೆ ಗೆರೆ ಇದ್ದರೆ ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ ಬ್ಲೀಚ್) ಮಾತ್ರ. ತ್ರಿಕೋನದ ಮೇಲೆ ಅಡ್ಡಗೀಟು ಹಾಕಿದ್ದರೆ ಯಾವ ಬ್ಲೀಚೂ ಬೇಡ. ಲೇಬಲ್ ಕತ್ತರಿಸಿ ಎಸೆದಾಗಿದ್ದರೆ (ಮಗುವಿಗೆ ಚುಚ್ಚುತ್ತದೆ ಅಂತ ಬಹಳ ಜನ ಕತ್ತರಿಸುತ್ತಾರೆ) ಒಳಗಿನ ಹೊಲಿಗೆ ಪಟ್ಟಿಯ ಮೇಲೆ ಒಂದು ಹನಿ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಅಂಟಿದರೆ ಆ ಮದ್ದು ಈ ಬಟ್ಟೆಗಲ್ಲ.

ಬಿದ್ದ ಕೂಡಲೇ ಕೆಂಪು ಅಥವಾ ನೇರಳೆ ಬಣ್ಣ ಕಂಡಿತು

ದ್ರಾಕ್ಷಿ, ದಾಳಿಂಬೆ, ಸ್ಟ್ರಾಬೆರಿ, ಬ್ಲೂಬೆರಿ, ಚೆರ್ರಿ ಎಲ್ಲ ಈ ಗುಂಪು. ಇವುಗಳ ಬಣ್ಣಕ್ಕೆ ಆಂಥೋಸಯನಿನ್ ಅಂತ ಹೆಸರು. ನೋಡಲು ಹೆದರಿಸುತ್ತದೆ, ಆದರೆ ಇದು ನೀರಿನಲ್ಲಿ ಕರಗುವ ಬಣ್ಣ. ಹಸಿಯಾಗಿದ್ದಾಗ ಹಿಡಿದರೆ ಸುಲಭ.

ಮೊದಲ ಮದ್ದು ತಣ್ಣೀರೇ. ಹೋಗದೆ ಉಳಿದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ, ಕಲೆಯ ಮೇಲೆ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಬಟ್ಟೆಯ ಮೇಲೆ ಒಣಗಲು ಬಿಡಬೇಡಿ. ಚೆನ್ನಾಗಿ ಜಾಲಾಡಿಸಿ, ಆಮೇಲೆ ದ್ರವ ಡಿಟರ್ಜೆಂಟ್ ಹಚ್ಚಿ ಅರ್ಧ ಗಂಟೆ ಬಿಟ್ಟು ಒಗೆಯಿರಿ.

ಮೊದಲು ಹುಳಿ, ಆಮೇಲೆ ಡಿಟರ್ಜೆಂಟ್. ಈ ಕ್ರಮ ತಿರುವುಮುರುವು ಮಾಡಿದರೆ ಏನಾಗುತ್ತದೆ ಅನ್ನುವುದೇ ಮುಂದಿನ ಲಕ್ಷಣ.

ಸೋಪು ಹಚ್ಚಿದ ಕೂಡಲೇ ಕೆಂಪು ಕಲೆ ನೀಲಿಯಾಯಿತು

ಗಾಬರಿ ಬೇಡ. ಬಟ್ಟೆ ಹಾಳಾಗಿಲ್ಲ, ಹೊಸ ಕಲೆಯೂ ಬಂದಿಲ್ಲ. ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗಿರುತ್ತದೆ, ಕ್ಷಾರದಲ್ಲಿ ನೀಲಿಗೋ ಹಸಿರು ಮಿಶ್ರಿತ ಬೂದಿಗೋ ತಿರುಗುತ್ತದೆ. ಸೋಪು ಕ್ಷಾರ. ಅಷ್ಟೇ ವಿಷಯ. ಒಂದು ರೀತಿಯಲ್ಲಿ ಇದು ಒಳ್ಳೆಯ ಸುಳಿವು. ಬಣ್ಣ ಹೀಗೆ ಬದಲಾದರೆ ಕಲೆ ಈ ಗುಂಪಿನದೇ ಅಂತ ಖಾತ್ರಿಯಾಯಿತು.

ಸೋಪನ್ನು ಪೂರ್ತಿ ತೊಳೆದು ತೆಗೆಯಿರಿ. ನೀರು ಬೆರೆಸಿದ ವಿನೆಗರ್ ಹಾಕಿ. ಕಲೆ ಮತ್ತೆ ಗುಲಾಬಿ ಬಣ್ಣಕ್ಕೆ ಬಂದರೆ ನೀವು ಸರಿದಾರಿಗೆ ಬಂದಿದ್ದೀರಿ. ಅಲ್ಲಿಂದ ಮೇಲೆ ಹೇಳಿದ ಹಾಗೆಯೇ ಮುಂದುವರಿಸಿ. ಇಂಥ ಕಲೆಗೆ ಬಾರ್ ಸೋಪು ಉಜ್ಜುವ ಅಭ್ಯಾಸ ಬಿಡುವುದು ಒಳ್ಳೆಯದು. ದ್ರವ ಡಿಟರ್ಜೆಂಟ್ ವಾಸಿ.

ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿಯುವ ಉಪಾಯ ಬಹಳ ಕಡೆ ಹೇಳುತ್ತಾರೆ. ನೊರೆ ಉಕ್ಕುವುದು ನೋಡಲು ಚೆನ್ನ. ಆದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆದುಬಿಡುತ್ತದೆ. ಕೊನೆಗೆ ಉಳಿಯುವುದು ಹೆಚ್ಚು ಕಡಿಮೆ ಉಪ್ಪುನೀರು. ಸುಮ್ನೆ ಎರಡೂ ದಂಡ.

ಬಟ್ಟೆಯನ್ನು ಬಿಗಿಯಾಗಿ ಹಿಡಿದು ಎತ್ತರದಿಂದ ಕುದಿಯುವ ನೀರು ಸುರಿಯುವ ಹಳೆಯ ವಿಧಾನವೂ ಇದೆ. ದಪ್ಪ ಬಿಳಿ ಹತ್ತಿ ಬಟ್ಟೆಯ ಮೇಲಿನ ಬರೀ ಹಣ್ಣಿನ ಕಲೆಗೆ ಅದು ಕೆಲಸ ಮಾಡುತ್ತದೆ, ನಿಜ. ಮಗುವಿನ ಬಟ್ಟೆಗೆ ನಾನು ಬೇಡ ಅನ್ನುತ್ತೇನೆ. ಈ ಬಟ್ಟೆಗಳಲ್ಲಿ ಎಲಾಸ್ಟಿಕ್, ಪ್ರಿಂಟ್, ಹಿಗ್ಗುವ ನೂಲು ಇರುತ್ತವೆ, ಕುದಿನೀರಿಗೆ ಹಾಳಾಗುತ್ತವೆ. ಅದಕ್ಕಿಂತ ಮುಖ್ಯ, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಕುದಿನೀರು ಹಿಡಿದು ಮಾಡುವ ಕೆಲಸವಲ್ಲ ಇದು. 60 ಡಿಗ್ರಿ ಸೆಲ್ಸಿಯಸ್ ನೀರೇ ಕೆಲವು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಗುವಿನ ತೆಳು ಚರ್ಮಕ್ಕೆ ಇನ್ನೂ ಬೇಗ.

ಒಗೆಯುವಾಗ ಏನೂ ಇರಲಿಲ್ಲ, ಒಣಗಿದ ಮೇಲೆ ಕಂದು ಕಲೆ

ಇದು ಬಾಳೆಹಣ್ಣಿನ ಕೆಲಸ. ಸೇಬು, ಪೇರ್ ಹಣ್ಣಿನ ತಿರುಳೂ ಹೀಗೇ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಹಣ್ಣಿನ ಕಲೆಗಳಲ್ಲಿ ಅತಿ ಕಷ್ಟದ್ದು ಇದೇ, ಯಾಕೆಂದರೆ ಬಿದ್ದಾಗ ಕಾಣುವುದಿಲ್ಲ. ಮೆತ್ತಿಕೊಂಡದ್ದನ್ನು ಒರೆಸಿ, ಹೋಯಿತು ಅಂದುಕೊಂಡು ಬಟ್ಟೆಯನ್ನು ಬುಟ್ಟಿಗೆ ಹಾಕುತ್ತೇವೆ. ಕಲೆ ಬುಟ್ಟಿಯೊಳಗೆ ತಯಾರಾಗುತ್ತದೆ.

ಈ ಹಣ್ಣುಗಳಲ್ಲಿ ಫೀನಾಲ್ ಜಾತಿಯ ಬಣ್ಣವಿಲ್ಲದ ವಸ್ತುಗಳಿವೆ, ಜೊತೆಗೆ ಪಾಲಿಫೀನಾಲ್ ಆಕ್ಸಿಡೇಸ್ ಅನ್ನುವ ಕಿಣ್ವವೂ (ಎನ್‌ಜೈಮ್) ಇದೆ. ಹಣ್ಣನ್ನು ಹಿಸುಕಿದಾಗ ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕ ತಾಗುತ್ತದೆ, ಕಂದು ಬಣ್ಣ ಹುಟ್ಟುತ್ತದೆ. ಕತ್ತರಿಸಿಟ್ಟ ಸೇಬು ಕಂದಾಗುವುದೂ ಇದರಿಂದಲೇ. ಅಂದರೆ ಇದು ಹಣ್ಣಿನಿಂದ ಬಟ್ಟೆಗೆ ಇಳಿದ ಬಣ್ಣವಲ್ಲ, ನೂಲಿನೊಳಗೇ ಹುಟ್ಟಿದ ಬಣ್ಣ. ಮೇಲ್ಮೇಲೆ ತಿಕ್ಕಿದರೆ ಬಗ್ಗದಿರುವುದಕ್ಕೆ ಕಾರಣ ಅದೇ.

ಕಲೆ ಕಾಣುವ ಮೊದಲೇ ಸಿಕ್ಕರೆ: ಬಟ್ಟೆ ಒಣಗಲು ಬಿಡಬೇಡಿ. ಕೂಡಲೇ ಒಗೆಯಲು ಆಗದಿದ್ದರೆ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿಡಿ. ತಿರುಳು ನೀರಿಗೆ ಬಿಟ್ಟುಕೊಳ್ಳುತ್ತದೆ, ಗಾಳಿಯೂ ಕಡಿಮೆ ತಾಗುತ್ತದೆ.

ಕಂದು ಬಂದಾಗಿದ್ದರೆ: ಮೊದಲು ಕಿಣ್ವ ಇರುವ ಡಿಟರ್ಜೆಂಟ್ ಹಚ್ಚಿ, ಬೆರಳಿನಿಂದ ಮೆಲ್ಲಗೆ ಒಳಗೆ ಇಳಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಡಿ. ಕಿಣ್ವಕ್ಕೆ ಸಮಯ ಬೇಕು. ಐದು ನಿಮಿಷಕ್ಕೆ ತೆಗೆದು ಕೆಲಸ ಮಾಡಲಿಲ್ಲ ಅನ್ನಬೇಡಿ. ಇದು ತಿರುಳಿನ ಅಂಟನ್ನು ಬಿಡಿಸುತ್ತದೆ. ಕಂದು ಸ್ವಲ್ಪ ತಿಳಿಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ.

ಉಳಿದದ್ದಕ್ಕೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ. ನೀರಿಗೆ ಬಿದ್ದ ಕೂಡಲೇ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಒಗೆಯುವ ಸೋಡಾ ಆಗಿ ಬೇರ್ಪಡುತ್ತದೆ. ಕಂದು ಬಣ್ಣವನ್ನು ಒಡೆಯುವುದು ಪೆರಾಕ್ಸೈಡ್. ತಣ್ಣೀರಿನಲ್ಲಿ ಈ ಪುಡಿ ಬಹಳ ನಿಧಾನ, ಆದ್ದರಿಂದ ಸುಮಾರು 40 ಡಿಗ್ರಿ ನೀರು ತೆಗೆದುಕೊಳ್ಳಿ. ಹಾಲಿನ ಅಂಶ ಮೊದಲೇ ತಣ್ಣೀರಿಗೆ ಹೋಗಿರುವುದರಿಂದ ಈಗ ಬೆಚ್ಚಗಿನ ನೀರಿಗೆ ಹೆದರಬೇಕಿಲ್ಲ. ಪೊಟ್ಟಣದ ಮೇಲೆ ಹೇಳಿದಷ್ಟೇ ಪುಡಿ ಹಾಕಿ, ಅದರಲ್ಲಿ ಹೇಳಿದಷ್ಟು ಹೊತ್ತು ನೆನೆಸಿ. ಒಮ್ಮೆಗೆ ಹೋಗದೆ ತಿಳಿಯಾಗಿದ್ದರೆ ಹೊಸ ನೀರಿನಲ್ಲಿ ಇನ್ನೊಮ್ಮೆ ಮಾಡಿ. ಎರಡನೇ ಸಲಕ್ಕೆ ಬಣ್ಣ ಒಂದಿಷ್ಟೂ ಇಳಿಯದಿದ್ದರೆ ಪುಡಿ ಜಾಸ್ತಿ ಮಾಡಿ ಪ್ರಯೋಜನವಿಲ್ಲ. ಬಹುಶಃ ಆ ಕಲೆಗೆ ಒಮ್ಮೆ ಡ್ರೈಯರ್ ಶಾಖ ತಾಗಿರಬೇಕು, ಇಲ್ಲವೇ ಅದು ಹಣ್ಣಿನದೇ ಅಲ್ಲ.

ಉಣ್ಣೆ, ರೇಷ್ಮೆಗೆ ಈ ಪುಡಿಯೂ ಬೇಡ, ಕಿಣ್ವದ ಡಿಟರ್ಜೆಂಟೂ ಬೇಡ. ಎರಡೂ ಪ್ರೋಟೀನಿನ ನೂಲುಗಳು. ಪ್ರೋಟೀನ್ ಕಲೆಯನ್ನು ತಿನ್ನುವ ಕಿಣ್ವ ನೂಲನ್ನೂ ತಿನ್ನುತ್ತದೆ.

ಬಿಳಿ ಹತ್ತಿ ಬಟ್ಟೆಯಾದರೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ನೇರವಾಗಿ ಕಲೆಯ ಮೇಲೆ ಹನಿಸಿ ಹದಿನೈದು ನಿಮಿಷ ಬಿಟ್ಟು ತೊಳೆಯಬಹುದು. ಬಣ್ಣದ ಬಟ್ಟೆಗೆ ಇದನ್ನು ಹಾಕುವ ಮೊದಲು ಹೊಲಿಗೆ ಪಟ್ಟಿಯ ಪರೀಕ್ಷೆ ತಪ್ಪಿಸಬೇಡಿ.

ಹಳದಿ, ಕಿತ್ತಳೆ ಕಲೆ. ನೀರಿಗೆ ಅಲುಗಾಡುವುದೇ ಇಲ್ಲ

ಮಾವು, ಪಪ್ಪಾಯ, ಏಪ್ರಿಕಾಟ್. ಹಣ್ಣಲ್ಲದಿದ್ದರೂ ಮಗುವಿನ ಬಟ್ಟಲಿನಲ್ಲಿ ಇವುಗಳ ಜೊತೆ ಇರುವ ಕ್ಯಾರೆಟ್, ಕುಂಬಳವೂ ಇದೇ ಸಾಲು. ಇಲ್ಲಿ ಬಣ್ಣ ಕೊಡುವುದು ಕ್ಯಾರೊಟಿನಾಯ್ಡ್. ಇದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕ್ಯಾರೆಟ್ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದರೂ ಕಿತ್ತಳೆಯಾಗಿಯೇ ಇರುತ್ತದಲ್ವಾ, ಕಾರಣ ಇದೇ. ವಿನೆಗರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದನ್ನು ಎಣ್ಣೆ ಕಲೆ ಅಂತಲೇ ತಿಳಿದು ನಡೆಯಿರಿ. ತಿರುಳನ್ನು ತೊಳೆದ ಮೇಲೆ ಬಟ್ಟೆಯ ನೀರನ್ನು ಒತ್ತಿ ತೆಗೆದು, ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ನೇರವಾಗಿ ಹಚ್ಚಿ. ಬಟ್ಟೆಯಲ್ಲಿ ನೀರು ಜಾಸ್ತಿ ಇದ್ದರೆ ದ್ರವ ತೆಳುವಾಗಿ ಹರಿದುಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.

ತೆಳು ಹಳದಿ ಉಳಿದಿದ್ದರೆ ಪುಡಿ ಹುಡುಕುವ ಮೊದಲು ಬಿಸಿಲಿಗೆ ಹಾಕಿ. ಒಗೆದ ಬಟ್ಟೆ ಒದ್ದೆ ಇರುವಾಗಲೇ, ಕಲೆ ಮೇಲೆ ಬರುವಂತೆ ಹರಡಿ. ಕ್ಯಾರೊಟಿನಾಯ್ಡ್ ಬೆಳಕಿಗೆ ಒಡೆಯುವ ಬಣ್ಣ. ಖರ್ಚಿಲ್ಲದ ಮದ್ದು, ಪರಿಣಾಮವೂ ಚೆನ್ನಾಗಿದೆ. ಕಡು ಬಣ್ಣದ ಬಟ್ಟೆಯನ್ನು ಮಾತ್ರ ಇಡೀ ದಿನ ಬಿಡಬೇಡಿ, ಅದರ ಸ್ವಂತ ಬಣ್ಣವೂ ಮಾಸುತ್ತದೆ.

ಬಿಸಿಲಿಗೆ ಹಾಕುವಾಗ ನಿಂಬೆ ರಸ ಹಚ್ಚುವವರಿದ್ದಾರೆ. ಹಚ್ಚಿದರೆ ಮಗುವಿಗೆ ತೊಡಿಸುವ ಮೊದಲು ಪೂರ್ತಿ ತೊಳೆಯಲೇಬೇಕು. ನಿಂಬೆ ಜಾತಿಯ ಹಣ್ಣಿನ ರಸ ಚರ್ಮದ ಮೇಲಿದ್ದು ಬಿಸಿಲು ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು. ಹಚ್ಚುವ ನಿಮ್ಮ ಕೈಗೂ ಇದೇ ಮಾತು.

ಬಣ್ಣ ಹೋಯಿತು, ಆದರೆ ಆ ಜಾಗ ಬಿರುಸು. ನಾಲ್ಕು ಸಲ ತೊಟ್ಟ ಮೇಲೆ ಬೂದು

ಹಣ್ಣಿನಲ್ಲಿ ಪೆಕ್ಟಿನ್ ಇದೆ, ಜ್ಯಾಮ್ ಗಟ್ಟಿಯಾಗುವುದು ಅದರಿಂದ. ಡಬ್ಬಿಯಲ್ಲಿ ಬರುವ ಕೆಲವು ಮಕ್ಕಳ ಆಹಾರಕ್ಕೆ ಮಂದವಾಗಲು ಗೋಂದಿನಂಥ ವಸ್ತುಗಳನ್ನೂ ಹಾಕುತ್ತಾರೆ. ಇವು ಕಣ್ಣಿಗೆ ಕಾಣದ ಪದರವಾಗಿ ನೂಲಿನ ಮೇಲೆ ಉಳಿಯುತ್ತವೆ. ಆಮೇಲೆ ನೆಲದ ಧೂಳು ಅದಕ್ಕೆ ಅಂಟುತ್ತದೆ. ಬಟ್ಟೆ ಹಳೆಯದಾಯಿತು ಅಂದುಕೊಳ್ಳುತ್ತೇವೆ.

ಬಿರುಸಾದ ಜಾಗವನ್ನು ಒದ್ದೆ ಬೆರಳಿನಿಂದ ಮುಟ್ಟಿ. ಜಾರಿದ ಹಾಗೆ, ಲೋಳೆಯ ಹಾಗೆ ಅನಿಸಿದರೆ ಇದೇ. ಡಿಟರ್ಜೆಂಟಿನ ಹಿಂಬದಿ ಓದಿ. ಪೆಕ್ಟಿನೇಸ್ (ಕೆಲವದರಲ್ಲಿ ಪೆಕ್ಟೇಟ್ ಲೈಯೇಸ್ ಅಂತ ಇರುತ್ತದೆ) ಅಥವಾ ಮ್ಯಾನನೇಸ್, ಅಂದರೆ ಪೆಕ್ಟಿನ್ ಮತ್ತು ಗೋಂದನ್ನು ಒಡೆಯುವ ಕಿಣ್ವ ಇದ್ದರೆ ಅದರಲ್ಲಿ ನೆನೆಸಿ. ಬ್ಲೀಚ್ ಇಲ್ಲಿ ಬೇಡದ ಖರ್ಚು.

ಇಸ್ತ್ರಿ ಹಾಕಿದಾಗ ಹಳದಿ ಗುರುತು ಎದ್ದಿತು

ತಿಳಿ ಹಣ್ಣಿನ ರಸ ಸರಿಯಾಗಿ ಹೋಗಿರಲಿಲ್ಲ. ಉಳಿದ ಸಕ್ಕರೆ ಶಾಖಕ್ಕೆ ಕಂದಿತು. ತಣ್ಣೀರಿನಲ್ಲಿ ನೆನೆಸಿ, ಬಾಳೆಹಣ್ಣಿನ ಕಲೆಗೆ ಹೇಳಿದ ಹಾಗೆ ಆಕ್ಸಿಜನ್ ಬ್ಲೀಚ್ ಹಾಕಿ ನೋಡಿ. ಪೂರ್ತಿ ಹೋಗುತ್ತದೆ ಅಂತ ಭರವಸೆ ಕೊಡಲಾರೆ.

ಎಲ್ಲ ಮಾಡಿದರೂ ಕದಲಲಿಲ್ಲ: ಅದು ಹಣ್ಣಿನದೇನಾ?

ಕಲೆ ಇರುವ ಜಾಗ ನೋಡಿ. ಕತ್ತಿನ ಸುತ್ತ, ಎದೆಯ ಮೇಲೆ ಹಳದಿ ಮಚ್ಚೆ, ಅದೂ ಎತ್ತಿಟ್ಟ ಬಟ್ಟೆಯ ಮೇಲೆ ಬಂದಿದ್ದರೆ ಅದು ಕಕ್ಕಿದ ಹಾಲು. ಅದರಲ್ಲಿ ಪ್ರೋಟೀನೂ ಇದೆ, ಜಿಡ್ಡೂ ಇದೆ. ಕಿಣ್ವದ ಡಿಟರ್ಜೆಂಟಿನಲ್ಲಿ ಹಲವು ಗಂಟೆ ನೆನೆಸಿ.

ಮಗುವಿಗೆ ಕಬ್ಬಿಣದ ಹನಿ ಕೊಡುತ್ತಿದ್ದರೆ, ಕಪ್ಪುಗಂದು ಚುಕ್ಕೆ ಅದರದ್ದಿರಬಹುದು. ಕಿತ್ತಳೆ ಮಿಶ್ರಿತ ಕಂದು ಚುಕ್ಕೆ ಗುಂಡಿ, ಹುಕ್ಕು, ಪಿನ್ನಿನ ಹತ್ತಿರ ಇದ್ದರೆ ಅದು ತುಕ್ಕು. ಈ ಎರಡಕ್ಕೂ ಕ್ಲೋರಿನ್ ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರವ) ಮುಟ್ಟಿಸಲೇಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ತುಕ್ಕು ತೆಗೆಯುವ ದ್ರವಗಳಲ್ಲಿ ಕೆಲವು ತೀರಾ ವಿಷಕಾರಿ, ಮಗುವಿನ ಬಟ್ಟೆಗೆ ಅವು ಬೇಡ.

ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಜೊತೆಗೆ ಮುಗ್ಗಲು ವಾಸನೆ ಇದ್ದರೆ ಶಿಲೀಂಧ್ರ. ಒದ್ದೆ ಬಿಬ್ಬನ್ನು (ತಿನ್ನಿಸುವಾಗ ಮಗುವಿನ ಕತ್ತಿಗೆ ಕಟ್ಟುವ ಬಟ್ಟೆ) ಮುದ್ದೆ ಮಾಡಿ ಇಟ್ಟದ್ದರಿಂದ ಬಂದಿರುತ್ತದೆ. ಬಾಯಿಗೆ ಹೋಗುವ ಬಿಬ್ಬಾದರೆ ಎಸೆಯುವುದೇ ಸರಿ.

ಇನ್ನೊಂದು ಮಾತು. ನ್ಯಾಪಿಯಲ್ಲಿ ಕೆಂಪು ಕಂಡು, ಮಗು ಕೆಂಪು ಹಣ್ಣು ತಿಂದಿಲ್ಲ ಅಂತಾದರೆ ಒಗೆಯಬೇಡಿ. ಅದನ್ನೇ ತೆಗೆದುಕೊಂಡು ವೈದ್ಯರಿಗೆ ತೋರಿಸಿ.

ಬ್ಲೀಚ್ ಡಬ್ಬಿ ತೆರೆಯುವ ಮೊದಲು

ಕ್ಲೋರಿನ್ ಬ್ಲೀಚನ್ನು ವಿನೆಗರ್, ನಿಂಬೆ ರಸ ಅಥವಾ ಬೇರೆ ಯಾವ ಹುಳಿಯ ಜೊತೆಗೂ ಸೇರಿಸಬಾರದು. ವಿಷವಾದ ಕ್ಲೋರಿನ್ ಅನಿಲ ಬರುತ್ತದೆ. ಮಗುವಿನ ಮನೆಯಲ್ಲಿ ಇನ್ನೊಂದು ಅಪಾಯವನ್ನು ಮರೆಯುತ್ತೇವೆ: ಉಚ್ಚೆ ಬಟ್ಟೆ. ಹೊತ್ತು ಕಳೆದ ಉಚ್ಚೆಯಲ್ಲಿ ಅಮೋನಿಯಾ ಇರುತ್ತದೆ, ಬ್ಲೀಚ್ ಸೇರಿದರೆ ಅದೂ ವಿಷದ ಹೊಗೆ. ಹಣ್ಣಿನ ಕಲೆಯ ಬಟ್ಟೆ ಮತ್ತು ಉಚ್ಚೆ ಬಟ್ಟೆ ಒಂದೇ ಬಕೆಟ್‌ನಲ್ಲಿದ್ದರೆ ಮೊದಲು ಬೇರೆ ಮಾಡಿ. ಕಣ್ಣು ಉರಿದು ಕೆಮ್ಮು ಬಂದರೆ ಎಲ್ಲ ಬಿಟ್ಟು ಮಗುವನ್ನು ಎತ್ತಿಕೊಂಡು ಹೊರಗೆ ಗಾಳಿಗೆ ಬನ್ನಿ. ಪೆರಾಕ್ಸೈಡ್ ಮತ್ತು ವಿನೆಗರನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಬೇಡಿ.

ಕಲಸಿದ ಆಕ್ಸಿಜನ್ ಬ್ಲೀಚ್ ಉಳಿದರೆ ಚೆಲ್ಲಿ. ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಒಳಗೆ ಅನಿಲ ತುಂಬಿ ಒಡೆಯಬಹುದು.

ನೆನೆ ಹಾಕಿದ ಬಕೆಟ್ ನೆಲದ ಮೇಲಿರಬಾರದು. ಬಕೆಟ್ಟಿಗೆ ಬಗ್ಗಿ ತಲೆಕೆಳಗಾದ ಮಗುವಿಗೆ ತಾನಾಗಿ ಏಳಲು ಬರುವುದಿಲ್ಲ, ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಮುಳುಗುತ್ತದೆ. ಬಾಗಿಲು ಹಾಕುವ ಕೋಣೆಯಲ್ಲಿ ಇಡಿ, ಕೆಲಸ ಮುಗಿದ ಕೂಡಲೇ ಚೆಲ್ಲಿ. ಡಿಟರ್ಜೆಂಟಿನ ಬಣ್ಣಬಣ್ಣದ ಉಂಡೆಗಳು ಮಿಠಾಯಿಯ ಹಾಗೆ ಕಾಣುತ್ತವೆ, ಎತ್ತರದಲ್ಲಿ ಬೀಗ ಹಾಕಿಡಿ. ಮಗು ಏನನ್ನಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ.

ಎಲ್ಲಿ ನಿಲ್ಲಿಸಬೇಕು

ಮಾಸಿದ ಕಲೆ ಮಗುವಿಗೆ ಏನೂ ಮಾಡುವುದಿಲ್ಲ. ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟು, ಬ್ಲೀಚು ಮಾಡುತ್ತದೆ. ಮಗು ತೋಳಿನ ಅಂಚನ್ನೇ ಬಾಯಿಗೆ ಹಾಕಿ ಚೀಪುತ್ತದೆ. ಹೀಗಾಗಿ ಯಾವ ಮದ್ದು ಹಾಕಿದರೂ ಕೊನೆಗೆ ಎರಡು ಸಲ ಹೊಸ ನೀರಿನಲ್ಲಿ ಜಾಲಾಡಿಸಿ. ನೀರಿನಲ್ಲಿ ನೊರೆ ಕಾಣುತ್ತಿದ್ದರೆ ಮೂರನೇ ಸಲ.

ಬಟ್ಟೆಯ ಸ್ವಂತ ಬಣ್ಣ ಬಿಡುತ್ತಿದ್ದರೆ, ನೂಲು ತೆಳುವಾಗಿ ಬೆಳಕು ಕಾಣುತ್ತಿದ್ದರೆ, ಎಲಾಸ್ಟಿಕ್ ಸಡಿಲವಾದರೆ ಅಲ್ಲಿಗೆ ಬಿಡಿ. ತೊಟ್ಟ ಮೇಲೆ ಕತ್ತು, ಕಂಕುಳು, ಸೊಂಟದ ಪಟ್ಟಿಯ ಜಾಗದಲ್ಲಿ ಮಗುವಿಗೆ ಕೆಂಪಾದರೆ ಬಟ್ಟೆ ತೆಗೆದು, ಬರೀ ನೀರಿನಲ್ಲಿ ಮತ್ತೆ ಒಗೆಯಿರಿ. ಕೆಂಪು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಹಣ್ಣು ತಿಂದ ಮೇಲೆ ತುಟಿ ಊದಿಕೊಂಡರೆ, ಮೈತುಂಬ ದದ್ದು ಎದ್ದರೆ, ಉಸಿರಾಟ ಕಷ್ಟವಾದರೆ ಅದು ಅಲರ್ಜಿ. ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಉಣ್ಣೆ, ರೇಷ್ಮೆ, ಕೈಕಸೂತಿ ಇರುವ ಬಟ್ಟೆಯಾದರೆ ತಣ್ಣೀರಿನ ಹಂತಕ್ಕೇ ನಿಲ್ಲಿಸಿ ಡ್ರೈಕ್ಲೀನಿಂಗ್‌ಗೆ ಕೊಡಿ. ಕೊಡುವಾಗ ಯಾವ ಹಣ್ಣು, ಯಾವತ್ತು ಬಿದ್ದದ್ದು, ನೀವು ಏನೇನು ಹಚ್ಚಿದ್ದೀರಿ, ಇಸ್ತ್ರಿ ತಾಗಿದೆಯಾ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕಲೆಯ ಜಾಗಕ್ಕೆ ಪಿನ್ ಮಾಡಿ. ಕಾಣದ ಬಾಳೆಹಣ್ಣಿನ ಕಲೆ ಇದೆ ಅನ್ನುವ ಅನುಮಾನವಿದ್ದರೆ ಅದನ್ನೂ ಬರೆಯಿರಿ. ವಾಪಸ್ ಬಂದ ಬಟ್ಟೆಯನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ನೇತುಹಾಕಿ. ಆ ಹೊದಿಕೆ ಮಗುವಿನ ಮುಖಕ್ಕೆ ಅಂಟಿದರೆ ಉಸಿರುಗಟ್ಟುತ್ತದೆ, ಕೂಡಲೇ ಗಂಟು ಕಟ್ಟಿ ಎಸೆಯಿರಿ. ಪಿನ್ನು ಬಟ್ಟೆಯಲ್ಲೇ ಉಳಿದಿದೆಯಾ ಅಂತ ಒಮ್ಮೆ ಕೈಯಾಡಿಸಿ ನೋಡಿ, ಆಮೇಲೆ ತೊಡಿಸಿ.